ಕೌತಾಳಂ ಗ್ರಂಥಾಲಯವನ್ನು ಬಿಡುವಾಗ

ನಮ್ಮ ಸಂಘದ ಪತ್ರಿಕೆಗೆ ಏನಾದರೂ ಬರೆದುಕೊಡಬೇಕೆಂದು ಮಿತ್ರರು ಬಹುದಿನಗಳಿಂದ ಕೇಳುತ್ತ ಬಂದಿದ್ದರು. ಬೇರೆಯವರು ಬರೆದುದನ್ನು ಎತ್ತಿಕೊಡುವುದೇ ಕಸುಬಾದ ನಮಗೆ ಸ್ವಂತ ಬರೆಹದ ಅಭ್ಯಾಸವಿಲ್ಲವೆಂದು ಹೇಳಿ ಇಷ್ಟು ಕಾಲ ಜಾರಿಕೊಂಡೆವು. ಈಗ ಆ ನೆಪವೂ ಇಲ್ಲದಾಯಿತು. ಇಪ್ಪತ್ತು ವರುಷಗಳಿಗೂ ಮೇಲ್ಪಟ್ಟು ನಮ್ಮ ವಶದಲ್ಲಿದ್ದ ಕೌತಾಳಂ ಶಾಖಾ ಗ್ರಂಥಾಲಯದ ಬೀಗದ ಕೈಗಳನ್ನು ಹೋದ ತಿಂಗಳು ಹೊಸ ಅಧಿಕಾರಿಗಳಿಗೆ ಒಪ್ಪಿಸಿ ನಿವೃತ್ತರಾದೆವು. ಊರವರು ಶಾಲು ಹೊದಿಸಿದರು, ಹಣ್ಣು ಕೊಟ್ಟರು, ಭಾಷಣ ಮಾಡಿದರು. ಆ ಭಾಷಣಗಳಲ್ಲಿ ನಮ್ಮನ್ನು ಕುರಿತು ಹೇಳಿದುದರಲ್ಲಿ ಅರ್ಧವನ್ನು ಅತಿಶಯೋಕ್ತಿಯ ಲೆಕ್ಕಕ್ಕೆ ಬರೆದುಕೊಂಡಿದ್ದೇವೆ. ಅಂದು ಉತ್ತರ ಹೇಳಲು ನಿಂತಾಗ ಗಂಟಲು ಕಟ್ಟಿ ಆಡಲಾಗದೆ ಹೋದ ಕೆಲವು ಮಾತುಗಳು ಉಳಿದಿವೆ. ಅವನ್ನು ವಾಚಕರ ಮುಂದೆ ಇಡುತ್ತಿದ್ದೇವೆ.

ಕೌತಾಳಂ ಎಲ್ಲಿದೆಯೆಂದು ದೂರದ ವಾಚಕರು ಕೇಳಿಯಾರು. ಕರ್ನೂಲು ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಆದವಾನಿಯ ಸೀಮೆಯಲ್ಲಿದೆ. ಉತ್ತರಕ್ಕೆ ತುಂಗಭದ್ರೆ, ಹೊಳೆಯನ್ನು ದಾಟಿದರೆ ರಾಯಚೂರು ಜಿಲ್ಲೆ. ಪಶ್ಚಿಮಕ್ಕೆ ನಡೆದರೆ ಸಿರುಗುಪ್ಪದ ಸೀಮೆ. ಹತ್ತಿಯ ಪೇಟೆ, ಆಸ್ಪತ್ರೆ, ರೈಲು, ಎಲ್ಲಕ್ಕೂ ಆದವಾನಿಗೇ ಹೋಗಬೇಕು. ಊರಿನಲ್ಲಿ ಒಂದು ದರ್ಗಾ ಇದೆ. ಅಲ್ಲಿಯ ಮಹಾತ್ಮರ ಹೆಸರು ಖಾದರಲಿಂಗ ಸ್ವಾಮಿ. ಖಾದರನೂ ಹೌದು, ಲಿಂಗನೂ ಹೌದು, ಸ್ವಾಮಿಯೂ ಹೌದು. ಹೆಸರೊಂದನ್ನು ಕೇಳಿದರೆ ಊರಿನ ಸ್ವಭಾವವನ್ನು ಬೇರೆ ವಿವರಿಸಬೇಕಾಗಿಲ್ಲ. ಮಂಡಲದ ಇನ್ನೊಂದು ಹಳ್ಳಿಯಾದ ಉರುಕುಂದದಲ್ಲಿ ಈರಣ್ಣ ಸ್ವಾಮಿಯ ಗುಡಿ. ಶ್ರಾವಣ ಮಾಸದಲ್ಲಿ ಅಲ್ಲಿಗೆ ಕರ್ನಾಟಕದಿಂದ ಬರುವ ಭಕ್ತರ ಗಾಡಿಗಳಿಂದ ದಾರಿಗಳೆಲ್ಲ ತುಂಬಿಹೋಗುತ್ತವೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಪೇಟೆಯಲ್ಲಿ ಎದುರಿಗೆ ಸಿಕ್ಕವರ ಮಾತು, ಮುಸಲ್ಮಾನರ ಓಣಿಯಲ್ಲಿ ದಖನಿ ಉರ್ದು—ಇದು ಇಲ್ಲಿಯ ಸಾಮಾನ್ಯ ಮನುಷ್ಯನ ವಿದ್ಯೆ. ಇದನ್ನು ಬಹುಭಾಷಾ ಪಾಂಡಿತ್ಯವೆಂದು ಹೊಗಳಿದರೆ ಅವನಿಗೆ ನಗು ಬರುತ್ತದೆ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ಈ ಮೂರು ತಾಲ್ಲೂಕುಗಳು ಆಂಧ್ರಕ್ಕೆ. ಉಳಿದ ಏಳು ಮೈಸೂರಿಗೆ. ರಾಯದುರ್ಗ ಅನಂತಪುರ ಜಿಲ್ಲೆಗೆ ಸೇರಿತು, ಆದವಾನಿ ಆಲೂರುಗಳು ಕರ್ನೂಲಿಗೆ ಸೇರಿದುವು. ನಾವು 2004ರಲ್ಲಿ ಕೌತಾಳಂಗೆ ಬಂದಾಗ ಪ್ರತಿದಿನವೂ ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕುಳಿತಿರುತ್ತಿದ್ದ ಹಿರಿಯರೊಬ್ಬರಿದ್ದರು. ವಿಂಗಡಣೆಯಾದ ವರುಷ ಅವರು ಶಾಲೆಯ ಹುಡುಗ. ಬೆಳಗಾಗುವುದರೊಳಗೆ ಜಿಲ್ಲೆಯ ಮುಖ್ಯಪಟ್ಟಣ ಬದಲಾಯಿತೆಂದು ಉಪಾಧ್ಯಾಯರು ಹೇಳಿದರಂತೆ. ‘ನಾವೇನು ಎಲ್ಲಿಗೂ ಹೋಗ್ಲಿಲ್ಲ ಸಾರೂ, ಮಲಗಿದ್ದು ಬಳ್ಳಾರಿ ಜಿಲ್ಲಾದಾಗ, ಎದ್ದದ್ದು ಕರ್ನೂಲು ಜಿಲ್ಲಾದಾಗ’ ಎಂದು ಅವರು ಹೇಳುತ್ತಿದ್ದರು. ಅದರಲ್ಲಿ ದುಃಖವಿರಲಿಲ್ಲ. ಆದರೆ ಕನ್ನಡ ಪತ್ರಿಕೆಯನ್ನು ಕೈಗೆ ತೆಗೆದುಕೊಂಡೊಡನೆ ಮೊದಲು ಬಳ್ಳಾರಿಯ ಸುದ್ದಿಯ ಪುಟವನ್ನೇ ತಿರುವುತ್ತಿದ್ದರು.

ಆಂಧ್ರರ ಗ್ರಂಥಾಲಯ ಚಳವಳಿಯನ್ನು ಕನ್ನಡಿಗರು ತಿಳಿದುಕೊಂಡುದು ಕಡಿಮೆ. ಗ್ರಂಥಾಲಯಗಳ ವಿಷಯಕ್ಕಾಗಿಯೇ ಒಂದು ದೊಡ್ಡ ಸಭೆ 1914ರಷ್ಟು ಹಿಂದೆ ಬೆಜವಾಡದಲ್ಲಿ ಸೇರಿತ್ತು. ಅಯ್ಯಂಕಿ ವೆಂಕಟರಮಣಯ್ಯನವರು ಊರೂರು ತಿರುಗಿ ಪುಸ್ತಕಭಂಡಾರಗಳನ್ನು ಕಟ್ಟಿಸಿದವರು. ನಮ್ಮ ಕರ್ನೂಲಿನವರೇ ಆದ ಗಾಡಿಚರ್ಲ ಹರಿಸರ್ವೋತ್ತಮರಾಯರು (1883–1960) ಈ ಕೆಲಸಕ್ಕೂ ವಯಸ್ಕರ ವಿದ್ಯಾಭ್ಯಾಸಕ್ಕೂ ಆಯುಷ್ಯವನ್ನು ಸವೆಸಿದರು. 1935ರಲ್ಲಿ ಕೃಷ್ಣಾ ನದಿಯ ಕಾಲುವೆಗಳಲ್ಲಿ ದೋಣಿಯ ಮೇಲೆ ಪುಸ್ತಕ ಹೇರಿಕೊಂಡು ಹಳ್ಳಿಯಿಂದ ಹಳ್ಳಿಗೆ ಹೋದರು! ನಮ್ಮ ಸೀಮೆಯಲ್ಲಿಯೂ ತುಂಗಭದ್ರೆಯ ಕೆಳಮಟ್ಟದ ಕಾಲುವೆ ಹರಿಯುತ್ತದೆ. ಆದರೆ ಅದರಲ್ಲಿ ನೀರು ಬರುವ ದಿನಗಳಿಗಿಂತ ನೀರಿಗಾಗಿ ಕಾಯುವ ದಿನಗಳು ಹೆಚ್ಚು, ದೋಣಿಯ ಮಾತು ಬೇಡ. ಡಾಕ್ಟರ್ ರಂಗನಾಥನ್‌ರವರ ಪ್ರಯತ್ನದಿಂದ 1948ರಲ್ಲಿ ಮದರಾಸಿನಲ್ಲಿ ಆದ ಕಾಯಿದೆ ಸ್ವತಂತ್ರ ಭಾರತದ ಮೊದಲನೆಯ ಗ್ರಂಥಾಲಯ ಕಾಯಿದೆ. ಅದು 1950ರಲ್ಲಿ ಜಾರಿಗೆ ಬಂತು. ಆಗ ಕೌತಾಳಂ ಇನ್ನೂ ಬಳ್ಳಾರಿ ಜಿಲ್ಲೆಯಲ್ಲಿಯೇ ಇತ್ತು. ಮೂರೇ ವರುಷಕ್ಕೆ ಜಿಲ್ಲೆ ಬದಲಾಯಿತು. 1960ರಲ್ಲಿ ಆಂಧ್ರ ಪ್ರದೇಶ ತನ್ನದೇ ಕಾಯಿದೆ ಮಾಡಿಕೊಂಡಿತು, 1965ರಲ್ಲಿ ಮೈಸೂರು ರಾಜ್ಯವೂ ಮಾಡಿಕೊಂಡಿತು. ಎರಡರ ಹುರುಳೂ ಒಂದೇ. ಮನೆಗಂದಾಯದ ಜೊತೆಗೆ ಗ್ರಂಥಾಲಯದ ಕರವೆಂದು ಒಂದಿಷ್ಟು ಕಾಸನ್ನು ಕಟ್ಟಬೇಕು. ಆ ಕಾಸಿನಲ್ಲಿ ಪುಸ್ತಕ ಕೊಳ್ಳಬೇಕು. ಅಕ್ಷರ ಬಾರದ ಕುರಿಗಾಹಿಯೂ ತನ್ನ ಮನೆಗೆ ಕಟ್ಟಿದ ತೆರಿಗೆಯಲ್ಲಿ ನಮ್ಮ ಬೀರುವಿನ ಯಾವುದೋ ಪುಸ್ತಕದ ಯಾವುದೋ ಹಾಳೆಗೆ ಒಡೆಯನೇ. ಈ ಮಾತನ್ನು ಮುಂದೆ ಬರುವ ಒಂದು ವಾದಕ್ಕಾಗಿ ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ.

ನಮ್ಮ ಗ್ರಂಥಾಲಯವನ್ನು ವರ್ಣಿಸುವುದಕ್ಕೆ ಹೆಚ್ಚು ಕಾಲ ಬೇಕಿಲ್ಲ. ಒಂದು ಹಜಾರ, ಒಂದು ಒಳಕೋಣೆ, ಎರಡು ಉದ್ದ ಮೇಜು, ಬೆಂಚುಗಳು. ಬೆಳಗ್ಗೆ ಮೂರು ಗಂಟೆ ಕಾಲ, ಸಂಜೆ ಮೂರು ಗಂಟೆ ಕಾಲ ಬಾಗಿಲು ತೆರೆದಿರುತ್ತದೆ, ಶುಕ್ರವಾರ ರಜೆ. ತೆಲುಗಿನ ಬೀರುಗಳು ಗೋಡೆಯ ಉದ್ದಕ್ಕೂ ಇವೆ. ಕಿಟಕಿಯ ಪಕ್ಕದ ಎರಡು ಬೀರುಗಳು ಕನ್ನಡದವು. ಅವುಗಳಲ್ಲಿ ಸರಕಾರದ ಮೊಹರು ಬಿದ್ದ ಪುಸ್ತಕ ಸ್ವಲ್ಪ, ದಾನವಾಗಿ ಬಂದುದೇ ಬಹಳ. ಬಳ್ಳಾರಿಗೆ ಹೋದ ಮಾಸ್ತರರು ತಂದದ್ದು, ಮಗಳ ಮದುವೆಯ ನೆನಪಿಗೆಂದು ಒಬ್ಬರು ಕೊಡಿಸಿದ್ದು, ತೀರಿಕೊಂಡವರ ಪೆಟ್ಟಿಗೆಯಿಂದ ಬಂದದ್ದು, ಇನ್ನು ಕೆಲವು ನಮ್ಮ ಸ್ವಂತದವು. 2009ರ ಅಕ್ಟೋಬರಿನಲ್ಲಿ ಹೊಳೆ ಉಕ್ಕಿ ಮಂತ್ರಾಲಯವೂ ಕರ್ನೂಲು ನಗರವೂ ಮುಳುಗಿದ ವಾರ ನಮ್ಮ ಮಾಳಿಗೆಯೂ ಸೋರಿತು. ನೆನೆದ ಪುಸ್ತಕಗಳನ್ನು ಹಜಾರದ ತುಂಬ ಹರಡಿ ಒಣಗಿಸುವಾಗ ತೆಲುಗು ಯಾವುದು, ಕನ್ನಡ ಯಾವುದೆಂದು ವಿಂಗಡಿಸಲು ವೇಳೆಯಿರಲಿಲ್ಲ. ಕೆಲವು ದಿನ ಅವು ಮಿಶ್ರವಾಗಿಯೇ ಬಿದ್ದಿದ್ದುವು. ಓದುಗರು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಓದಿದರು. ಯಾರೂ ದೂರಲಿಲ್ಲ.

ಓದುಗರಲ್ಲಿ ಅನೇಕ ಪಂಗಡಗಳು. ಪತ್ರಿಕೆಗಾಗಿ ಬರುವವರು ಬೆಳಗಿನವರು. ಅವರಲ್ಲಿ ಅರ್ಧ ಮಂದಿ ಓದುವುದಕ್ಕಿಂತ ಓದಿದ್ದನ್ನು ಖಂಡಿಸುವುದಕ್ಕಾಗಿ ಬರುತ್ತಾರೆ. ಸಂಜೆಯವರು ನೌಕರಿಯ ಪರೀಕ್ಷೆಗೆ ಕೂರುವ ಹುಡುಗರು. 2019ರಲ್ಲಿ ಆಂಧ್ರ ಸರಕಾರ ಗ್ರಾಮ ಸಚಿವಾಲಯಗಳಿಗೆಂದು ಒಂದು ಲಕ್ಷಕ್ಕೂ ಮೀರಿ ನೌಕರರನ್ನು ಆರಿಸಲು ಪರೀಕ್ಷೆಯಿಟ್ಟಾಗ ನಮ್ಮ ಬೆಂಚುಗಳು ಸಾಲದೆ ಮೆಟ್ಟಿಲುಗಳ ಮೇಲೂ ಕುಳಿತು ಓದಿದರು. ಆ ಹುಡುಗರು ಮನೆಯಲ್ಲಿ ಕನ್ನಡದವರಾದರೂ ಕನ್ನಡದ ಬೀರುವಿನ ಕಡೆಗೆ ತಿರುಗಿ ನೋಡಲಿಲ್ಲ. ಅವರನ್ನು ನಾವು ದೂರುವುದಿಲ್ಲ. ಅನ್ನದ ದಾರಿ ಯಾವ ಲಿಪಿಯಲ್ಲಿದೆಯೋ ಆ ಲಿಪಿಯನ್ನು ಹುಡುಕುವುದು ಹಸಿದವನ ಧರ್ಮ. 2020ರ ಮಾರ್ಚಿಯಲ್ಲಿ ರೋಗದ ಭಯದಿಂದ ದೇಶವೇ ಬಾಗಿಲು ಹಾಕಿದಾಗ ನಾವೂ ಹಾಕಿದೆವು. ಮತ್ತೆ ತೆರೆದಾಗ ಬಹಳ ಮಂದಿಗೆ ಫೋನಿನಲ್ಲಿ ನೋಡುವ ಅಭ್ಯಾಸ ಹತ್ತಿತ್ತು, ಬೆಂಚುಗಳು ಮೊದಲಿನಂತೆ ತುಂಬಲಿಲ್ಲ.

ಹೆಂಗಸರು ಒಳಗೆ ಬರುವುದು ಕಡಿಮೆ. ಅವರ ಪುಸ್ತಕಗಳು ಮಕ್ಕಳ ಕೈಯಲ್ಲಿ ಓಡಾಡುತ್ತವೆ. ‘ಅವ್ವ ಕೇಳ್ಯಾಳ್ರಿ, ತ್ರಿವೇಣಿದು ಇನ್ನೊಂದು ಕೊಡ್ಬೇಕಂತ’ ಎಂದು ಓಡಿ ಬರುವ ಹುಡುಗನಿಗೆ ತ್ರಿವೇಣಿ ಯಾರೆಂದು ತಿಳಿಯದು. 1963ರಲ್ಲಿಯೇ ತೀರಿಕೊಂಡ ಆ ತಾಯಿಯ ಕಾದಂಬರಿಗಾಗಿ ಇಂದಿಗೂ ಒಲೆಯ ಮುಂದೆ ಒಬ್ಬಾಕೆ ಕಾಯುತ್ತಿರುವಳೆಂಬುದು ಮಾತ್ರ ನಮಗೆ ತಿಳಿಯುತ್ತಿತ್ತು. ಯಂಡಮೂರಿ ವೀರೇಂದ್ರನಾಥರ ತುಳಸಿದಳ ತೆಲುಗಿನಲ್ಲೂ ಇದೆ, ಕನ್ನಡದ ಅನುವಾದವೂ ಇದೆ. ಎರಡನ್ನೂ ಒಟ್ಟಿಗೆ ಒಯ್ದು, ಎಲ್ಲಿ ಹೆಚ್ಚು ಭಯವಾಗುತ್ತದೆಂದು ಪರೀಕ್ಷಿಸಿದ ಓದುಗಳೊಬ್ಬಳಿದ್ದಳು. ತೆಲುಗಿನಲ್ಲಿ ಓದಿದರೆ ಹಗಲು ಭಯ, ಕನ್ನಡದಲ್ಲಿ ಓದಿದರೆ ರಾತ್ರಿ ಭಯವೆಂದು ಆಕೆಯ ತೀರ್ಪು. ಭಾಷಾಂತರವನ್ನು ಕುರಿತು ಪಂಡಿತರು ಬರೆದ ಲೇಖನಗಳಲ್ಲಿ ಇಷ್ಟು ಸ್ಪಷ್ಟವಾದ ವಿಮರ್ಶೆಯನ್ನು ನಾವು ಕಂಡಿಲ್ಲ. ಭೈರಪ್ಪನವರ ಪರ್ವದ ತೆಲುಗು ಅನುವಾದವನ್ನು ಓದಿ ಮುಗಿಸಿ, ಮೂಲವನ್ನು ಕೇಳಿಕೊಂಡು ಬಂದು ಕನ್ನಡದ ಅಕ್ಷರ ಕಲಿತವನೂ ಉಂಟು. ಬಹುಕಾಲ ಈ ಸೀಮೆಯ ಹಳ್ಳಿಗಳಲ್ಲಿ ಅಧ್ಯಾಪಕರಾಗಿದ್ದ ಕುಂ. ವೀರಭದ್ರಪ್ಪನವರ ಕಥೆಗಳನ್ನು ಒಯ್ಯುವವರು ಮಾತ್ರ ಸಾಹಿತ್ಯಕ್ಕಾಗಿ ಒಯ್ಯುವುದಿಲ್ಲ. ಅದರೊಳಗೆ ಬರುವವನು ತಮ್ಮೂರಿನ ಯಾವ ಮನುಷ್ಯನೆಂದು ಪತ್ತೆಮಾಡಲು ಒಯ್ಯುತ್ತಾರೆ.

ಸುಗ್ಗಿ ಎಂಬ ಮಾತಿಗೆ ನಿಘಂಟಿನಲ್ಲಿರುವ ಅರ್ಥ ಎಲ್ಲರಿಗೂ ಗೊತ್ತು. ಈ ಸೀಮೆಯಲ್ಲಿ ಅದರ ಅರ್ಥ ಬೇರೆಯಾಗಿದೆ. ಮಳೆ ಕೈಕೊಟ್ಟ ಎರೆಹೊಲಗಳನ್ನು ಬಿಟ್ಟು, ಮನೆಗೆ ಬೀಗ ಹಾಕಿ, ಗುಂಟೂರು ಸೀಮೆಗೆ ಹತ್ತಿ ಬಿಡಿಸಲು, ಮೆಣಸಿನಕಾಯಿ ಕೊಯ್ಯಲು ಸಂಸಾರ ಸಮೇತ ಹೋಗುವುದನ್ನು ಇಲ್ಲಿ ಸುಗ್ಗಿಗೆ ಹೋಗುವುದೆನ್ನುತ್ತಾರೆ. ಸುಗ್ಗಿ ಇತರರದು, ಇವರದು ಕೂಲಿ. ಮುದುಕರನ್ನು ಬಿಟ್ಟು ಹೋಗುತ್ತಾರೆ. ಮಕ್ಕಳನ್ನು ಕೆಲವರು ಬಿಟ್ಟು ಹೋಗುತ್ತಾರೆ, ಕೆಲವರು ಕರೆದೊಯ್ಯುತ್ತಾರೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರು ಇರುತ್ತದೆ, ಬೆಂಚಿನ ಮೇಲೆ ಮಗು ಇರುವುದಿಲ್ಲ. ಇಂಥ ಕುಟುಂಬಕ್ಕೆ ಪುಸ್ತಕ ಕೊಡಬೇಕೋ ಬೇಡವೋ ಎಂಬುದು ಪ್ರತಿ ವರುಷದ ಪ್ರಶ್ನೆ. ನಿಯಮದ ಪ್ರಕಾರ ಹದಿನೈದು ದಿನಕ್ಕೆ ಹಿಂದಿರುಗಿಸಬೇಕಾದ ಪುಸ್ತಕ ನಾಲ್ಕು ತಿಂಗಳು ಊರಲ್ಲಿಯೇ ಇರುವುದಿಲ್ಲ.

ಒಂದು ವರುಷ ಐದನೆಯ ತರಗತಿಯ ಹುಡುಗಿ ಬಂದು ಕನ್ನಡದ ಪಂಚತಂತ್ರವನ್ನು ಕೇಳಿದಳು. ನಾಳೆಯೇ ಲಾರಿ ಹತ್ತುವರೆಂದು ನಮಗೆ ಗೊತ್ತಿತ್ತು. ಕೊಟ್ಟೆವು. ಯುಗಾದಿಯ ಮರುವಾರ ಅವಳೇ ತಂದು ಮೇಜಿನ ಮೇಲಿಟ್ಟಳು. ಪುಸ್ತಕವನ್ನು ತೆರೆದವರೆಲ್ಲ ಸೀನಿದರು. ಹೊಲಿಗೆಯ ಒಳಗೆಲ್ಲ ಮೆಣಸಿನಕಾಯಿಯ ಪುಡಿ. ಹಾಳೆಗಳ ಅಂಚು ಕೆಂಪಾಗಿತ್ತು, ಒಂದೂ ಹರಿದಿರಲಿಲ್ಲ. ಅಲ್ಲಿ ಓದುವುದಕ್ಕೆ ನಿನಗೆ ಹೊತ್ತಾದರೂ ಎಲ್ಲಿ ಸಿಕ್ಕಿತೆಂದು ಕೇಳಿದೆವು. ‘ರಾತ್ರಿ ಗುಡಿಸಲದಾಗ ಓದ್ತಿದ್ನಿ ಸಾರ್. ಎಲ್ಲಾರೂ ಕೇಳ್ತಿದ್ರು’ ಎಂದಳು. ನಮ್ಮ ದಾಖಲೆಯಲ್ಲಿ ಆ ಪುಸ್ತಕವನ್ನು ಒಬ್ಬಳು ಓದಿದಳೆಂದಿದೆ. ಎಷ್ಟು ಗುಡಿಸಲುಗಳವರು ಕೇಳಿದರೆಂದು ಬರೆಯಲು ಆ ದಾಖಲೆಯಲ್ಲಿ ಕಾಲಂ ಇಲ್ಲ. ಅಂದಿನಿಂದ ಸುಗ್ಗಿಗೆ ಹೋಗುವವರಿಗೆ ಪುಸ್ತಕ ಕೊಡುವುದನ್ನು ನಾವು ಪದ್ಧತಿಯಾಗಿಯೇ ಮಾಡಿಕೊಂಡೆವು. ಒಂದೆರಡು ಪುಸ್ತಕ ಮರಳಲಿಲ್ಲ. ಅವುಗಳ ಬೆಲೆಯನ್ನು ತುಂಬಿದೆವು. ಅದು ದೊಡ್ಡ ಮಾತಲ್ಲ.

ಇನ್ನು ನಿಜವಾದ ವಿಷಯಕ್ಕೆ ಬರುತ್ತೇವೆ. ನಮ್ಮ ನಿವೃತ್ತಿಯ ದಿನ ಗೊತ್ತಾದ ಮೇಲೆ ಕನ್ನಡದ ಆ ಎರಡು ಬೀರುಗಳ ಗತಿಯೇನೆಂಬ ಚಿಂತೆ ಹುಟ್ಟಿತು. ಮುಂದೆ ಬರುವವರು ತೆಲುಗಿನವರು, ಕನ್ನಡ ಓದಲಾರರೆಂದು ಮೊದಲೇ ತಿಳಿದಿತ್ತು. ಹಿತೈಷಿಗಳಾದ ಮಿತ್ರರು ಹಲವರು ನಮಗೆ ಒಂದೇ ಸಲಹೆ ಕೊಟ್ಟರು. ಸರಕಾರದ ಮೊಹರಿದ್ದ ಪುಸ್ತಕ ಇದ್ದಲ್ಲಿಯೇ ಇರಲಿ. ದಾನದ ಪುಸ್ತಕಗಳು, ನಿಮ್ಮ ಸ್ವಂತದ ಪುಸ್ತಕಗಳು ಲೆಕ್ಕಕ್ಕೆ ಸೇರಿಲ್ಲವಷ್ಟೆ. ಅವನ್ನು ಬಳ್ಳಾರಿಯಲ್ಲೋ ಆದವಾನಿಯಲ್ಲೋ ಕನ್ನಡ ಬಲ್ಲವರ ಕೈಗೆ ಒಪ್ಪಿಸಿರಿ. ಇಲ್ಲಿ ಬಿಟ್ಟರೆ ಗೆದ್ದಲಿಗೆ ಊಟವಾಗುತ್ತದೆ ಎಂದರು. ಈ ಸಲಹೆಯನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. ಕನ್ನಡ ಮಾಧ್ಯಮದ ಮಕ್ಕಳು ಕಡಿಮೆಯಾಗುತ್ತಿರುವುದನ್ನು ನಾವೇ ಕಣ್ಣಾರೆ ಕಂಡಿದ್ದೇವೆ. ಪ್ರಾಥಮಿಕ ಶಿಕ್ಷಣವನ್ನು ತಾಯಿನುಡಿಯಲ್ಲಿ ಕೊಡಲು ಸೌಲಭ್ಯ ಮಾಡಬೇಕೆಂದು ಸಂವಿಧಾನಕ್ಕೆ 1956ರಲ್ಲಿ ಸೇರಿದ 350-ಎ ವಿಧಿ ಹೇಳುತ್ತದೆ, ನಿಜ. 2019ರ ನವೆಂಬರಿನಲ್ಲಿ ಆಂಧ್ರ ಸರಕಾರ ತನ್ನ ಶಾಲೆಗಳಿಗೆ ಇಂಗ್ಲಿಷ್ ಮಾಧ್ಯಮವನ್ನು ಕಡ್ಡಾಯ ಮಾಡಿದುದನ್ನು ಮರುವರುಷದ ಏಪ್ರಿಲಿನಲ್ಲಿ ಹೈಕೋರ್ಟು ರದ್ದುಮಾಡಿದುದೂ ನಿಜ. ಆದರೆ ಕೋರ್ಟಿನ ತೀರ್ಪನ್ನು ಓದಿಕೊಂಡು ಮಕ್ಕಳನ್ನು ಶಾಲೆಗೆ ಸೇರಿಸುವ ತಂದೆತಾಯಿಗಳು ಎಲ್ಲಿದ್ದಾರೆ? ಅವರು ನೋಡುವುದು ನೆರೆಮನೆಯ ಹುಡುಗನಿಗೆ ಯಾವ ಮಾಧ್ಯಮದಿಂದ ಕೆಲಸ ಸಿಕ್ಕಿತೆಂಬುದನ್ನು. ಹೀಗಿರಲು ಓದುವವರಿಲ್ಲದ ಊರಿನಲ್ಲಿ ಪುಸ್ತಕವನ್ನು ಕಟ್ಟಿಹಾಕುವುದು ಭಾಷಾಭಿಮಾನವೋ, ಮೊಂಡುತನವೋ?

ಎರಡು ತಿಂಗಳು ಈ ಪ್ರಶ್ನೆ ನಮ್ಮ ನಿದ್ದೆಗೆ ಅಡ್ಡ ಬಂತು. ಒಮ್ಮೆಯಂತೂ ದಾನದ ಪುಸ್ತಕಗಳನ್ನು ಬೇರೆ ಮಾಡಿ, ಹಗ್ಗದಿಂದ ಕಟ್ಟಿ, ಸಾಗಿಸುವ ಗಾಡಿಯನ್ನು ಕೂಡ ವಿಚಾರಿಸಿದ್ದೆವು. ಕಟ್ಟಿದ ಮರುದಿನ ಬೆಳಗ್ಗೆ ಪತ್ರಿಕೆಯ ಹಿರಿಯರು ಬಂದರು. ಎಂಬತ್ತರ ಹತ್ತಿರದ ವಯಸ್ಸು, ಕಣ್ಣಿಗೆ ಒಂದೇ ಕಡೆಯ ಬೆಳಕು. ಖಾಲಿ ಬೀರುವನ್ನು ನೋಡಿದರು, ಗಂಟುಗಳನ್ನು ನೋಡಿದರು, ಏನೂ ಕೇಳಲಿಲ್ಲ. ಪತ್ರಿಕೆಯನ್ನು ಓದಿ ಮುಗಿಸಿ, ಮಡಿಸಿಟ್ಟು, ಏಳುವಾಗ ಇಷ್ಟೇ ಅಂದರು: ‘ಮೊದಲು ಜಿಲ್ಲಾ ಹೋತು. ಈಗ ಪುಸ್ತಕ.’

ಈ ಮಾತಿನಿಂದ ನಮ್ಮ ಮನಸ್ಸು ತಿರುಗಿತೆಂದು ಹೇಳಿದರೆ ಪೂರ್ತಿ ನಿಜವಾಗದು. ಕರುಣೆಯಿಂದ ಪುಸ್ತಕಭಂಡಾರವನ್ನು ನಡೆಸಲಾಗದು, ಲೆಕ್ಕವೂ ಬೇಕು. ಆ ರಾತ್ರಿ ನಾವು ಲೆಕ್ಕ ಹಾಕಿದೆವು. ರಂಗನಾಥನ್‌ರವರು 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಹಾಕಿಕೊಟ್ಟರು. ಪುಸ್ತಕವಿರುವುದು ಬಳಕೆಗಾಗಿ ಎಂಬುದು ಮೊದಲನೆಯದು. ಮಿತ್ರರ ಸಲಹೆ ಇದರ ಮೇಲೆ ನಿಂತಿದೆ. ಪ್ರತಿಯೊಂದು ಪುಸ್ತಕಕ್ಕೂ ಒಬ್ಬ ಓದುಗನಿರುವನೆಂಬುದು ಮೂರನೆಯದು. ಬಳ್ಳಾರಿಯಲ್ಲಿ ಒಂದು ಕನ್ನಡ ಪುಸ್ತಕ ಹೆಚ್ಚಾದರೆ ಅದು ಸಾವಿರದ ಮೇಲೆ ಒಂದು. ಕೌತಾಳಂನಲ್ಲಿ ಒಂದು ಕಡಿಮೆಯಾದರೆ, ಅದನ್ನು ಕೇಳಿಕೊಂಡು ಬಂದವನಿಗೆ ಇಡೀ ಭಂಡಾರವೇ ಕಡಿಮೆಯಾದಂತೆ. ಬಳ್ಳಾರಿಯ ಓದುಗನು ಇನ್ನೊಂದು ಬಾಗಿಲನ್ನು ತಟ್ಟಬಹುದು. ಒಲೆಯ ಮುಂದೆ ಕುಳಿತಾಕೆ ಯಾವ ಬಾಗಿಲನ್ನು ತಟ್ಟಬೇಕು? ಅಲ್ಲದೆ ದಾನ ಕೊಟ್ಟವರು ಕೊಟ್ಟದ್ದು ನಮಗಲ್ಲ, ಊರಿಗೆ. ಕನ್ನಡ ಮನೆಯವರೂ ಈ ಊರಿನಲ್ಲಿ ಗ್ರಂಥಾಲಯದ ಕರ ಕಟ್ಟಿದ್ದಾರೆ, ಇನ್ನೂ ಕಟ್ಟುತ್ತಿದ್ದಾರೆ. ಮರುದಿನ ಹಗ್ಗ ಬಿಚ್ಚಿದೆವು. ನಮ್ಮ ಸ್ವಂತದ ಪುಸ್ತಕಗಳನ್ನೂ ದಾನದವುಗಳ ಜೊತೆಗೆ ಸೇರಿಸಿ ಕ್ರಮವಾಗಿ ದಾಖಲೆಗೆ ಏರಿಸಿ ಮೊಹರು ಹಾಕಿದೆವು. ಇನ್ನು ಅವನ್ನು ಒಯ್ಯಬೇಕೆಂದರೆ ನಮಗೂ ಅಧಿಕಾರವಿಲ್ಲ.

ಆದರೆ ಮೊಹರು ಹಾಕಿದ ಮಾತ್ರಕ್ಕೆ ಪುಸ್ತಕ ಓದುಗನ ಕೈಗೆ ಹೋಗುವುದಿಲ್ಲ. ಎತ್ತಿಕೊಡುವವನಿಗೆ ಅದು ಯಾವ ಪುಸ್ತಕವೆಂದು ತಿಳಿಯಬೇಕು. ಇಲ್ಲಿ ನಮಗೆ ನೆರವಾದುದು ಲಿಪಿಗಳ ದಾಯಾದಿತನ. ಕನ್ನಡ ತೆಲುಗು ಲಿಪಿಗಳು ಶತಮಾನಗಳ ಹಿಂದೆ ಒಂದೇ ಆಗಿದ್ದವು. ಈಗಲೂ ಬಹುಪಾಲು ಅಕ್ಷರಗಳಲ್ಲಿ ತಲೆಕಟ್ಟೊಂದೇ ಭೇದ. ತೊಡಕೆಲ್ಲ ಕಕಾರ, ಚಕಾರ, ತಕಾರ, ಶಕಾರಗಳಲ್ಲಿ. ಒಂದು ಹಾಳೆಯ ಮೇಲೆ ಎರಡು ಲಿಪಿಗಳನ್ನೂ ಎದುರುಬದುರಾಗಿ ಬರೆದು ಬೀರುವಿನ ಬಾಗಿಲ ಒಳಮೈಗೆ ಅಂಟಿಸಿದೆವು. ಆಮೇಲೆ ಪ್ರತಿಯೊಂದು ಕನ್ನಡ ಪುಸ್ತಕದ ಬೆನ್ನಿಗೂ ತೆಲುಗಿನ ಅಕ್ಷರದಲ್ಲಿ ಹೆಸರು ಬರೆದ ಚೀಟಿ ಹಚ್ಚಿದೆವು. ದಾಖಲೆಯ ಅಂಚಿನಲ್ಲಿ ತೆಲುಗಿನಲ್ಲಿಯೇ ಒಂದೊಂದು ಸಾಲು ಬರೆದೆವು: ಇದು ಎರಡು ಸಂಪುಟ, ಒಂದನ್ನೇ ಕೊಡಬೇಡಿರಿ, ಇದನ್ನು ಹೆಂಗಸರು ಕೇಳುವರು, ಇದು ದಪ್ಪವಾಗಿದೆಯೆಂದು ಹೆದರುವರು, ಹೆದರಬೇಡಿರೆಂದು ಹೇಳಿ ಕೊಡಿರಿ. ಕಡೆಯ ಕೆಲವು ವಾರಗಳ ಸಂಜೆಗಳೆಲ್ಲ ಇದರಲ್ಲಿಯೇ ಕಳೆದುವು. ಇಪ್ಪತ್ತು ವರುಷಗಳಲ್ಲಿ ನಾವು ಮಾಡಿದ ಕೆಲಸಗಳಲ್ಲಿ ನಮಗೆ ಹೆಚ್ಚು ತೃಪ್ತಿ ಕೊಟ್ಟದ್ದು ಇದೇ.

ಹೊಸ ಅಧಿಕಾರಿಗಳು ಚಿಕ್ಕ ವಯಸ್ಸಿನವರು. ಅಧಿಕಾರ ವಹಿಸಿಕೊಳ್ಳಲು ಬಂದ ದಿನ ನಾವು ಅವರನ್ನು ಕನ್ನಡದ ಬೀರುವಿನ ಮುಂದೆ ನಿಲ್ಲಿಸಿದೆವು. ಚೀಟಿಯನ್ನು ನೋಡದೆ ಓದಲು ಯತ್ನಿಸಿ, ಚಕಾರದ ಬಳಿ ತಡವರಿಸಿ, ‘ಚೋಮನ ದುಡಿ’ ಎಂದು ಓದಿದರು. ದುಡಿಯೆಂದರೆ ಏನೆಂದು ಕೇಳಿದರು. ಅದೊಂದು ವಾದ್ಯವೆಂದು ಹೇಳಿ, ಕಾರಂತರು 1933ರಲ್ಲಿ ಬರೆದ ಆ ಕಥೆಯನ್ನು, ಉಳಲು ತುಂಡು ಭೂಮಿಯನ್ನು ಬಯಸಿ ಪಡೆಯಲಾರದೆ ಹೋದ ಚೋಮನ ಕಥೆಯನ್ನು, ನಿಂತಲ್ಲಿಯೇ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದಿ ಮಾ ಊರಿ ಕಥೇ ಕದಂಡೀ’ ಎಂದರು. ಆಮೇಲೆ ಎದುರಿನ ಬೀರುವಿಗೆ ಹೋಗಿ ಉನ್ನವ ಲಕ್ಷ್ಮೀನಾರಾಯಣರ ಮಾಲಪಲ್ಲಿಯನ್ನು ತಂದು, ಇದನ್ನು ಓದಿದ್ದೀರಾ ಎಂದು ಕೇಳಿದರು. 1922ರಲ್ಲಿ ಹೊರಬಂದು, ಅಂದಿನ ಮದರಾಸು ಸರಕಾರದ ನಿಷೇಧಕ್ಕೆ ಗುರಿಯಾದ ಕಾದಂಬರಿ ಅದು. ನಾವು ಓದಿದ್ದೆವು, ಆದರೂ ಅವರ ಬಾಯಿಂದ ಮತ್ತೆ ಕೇಳಿದೆವು. ದಾ ಸ್ತಾನು ಪಟ್ಟಿಯ ತಾಳೆ ನೋಡುವ ಕೆಲಸ ಆ ಮಧ್ಯಾಹ್ನ ಒಂದು ಪುಟವೂ ಮುಂದೆ ಸಾಗಲಿಲ್ಲ. ಅವರ ಮೇಲೆ ನಮಗೆ ಭರವಸೆ ಬಂದದ್ದು ಆ ಹೊತ್ತಿನಲ್ಲಿ. ಭರವಸೆ ತಪ್ಪಾಗಲೂಬಹುದು, ವರ್ಗವಾದರೆ ಅವರೂ ಹೋಗುವರು.

ಬಿಡುವ ದಿನ ಹಿರಿಯರು ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ. ‘ನೀವು ಹೋದ ಮ್ಯಾಲೆ ಕನ್ನಡ ಪೇಪರು ಬರ್ತತೋ ಇಲ್ಲೋ ಸಾರೂ?’ ಈ ವರುಷದ ಚಂದಾ ಕಟ್ಟಿದೆ, ಬರುತ್ತದೆ ತಾತ ಎಂದೆವು. ಮುಂದಿನ ವರುಷದ ಮಾತನ್ನು ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ನಮ್ಮ ವಾಸ ಇನ್ನು ಆದವಾನಿಯಲ್ಲಿ; ಬಸ್ಸು ಹತ್ತಿದರೆ ಕೌತಾಳಂ ದೂರವಲ್ಲ. ಚಂದಾ ಮುಗಿಯುವ ತಿಂಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟಿದ್ದೇವೆ. ಈ ಬರೆಹವನ್ನು ಓದುವ ಸಂಘದ ಸದಸ್ಯರು ಯಾರಾದರೂ ಗುರುತು ಮಾಡಿಕೊಂಡರೆ ಬೇಡವೆನ್ನುವುದಿಲ್ಲ.

ಕೊನೆಯದಾಗಿ ಒಂದು ಅರಿಕೆ. ನಾವು ಲೆಕ್ಕ ಒಪ್ಪಿಸಿದ ದಿನ ಹದಿನೇಳು ಪುಸ್ತಕಗಳು ಬೀರುವಿನಲ್ಲಿರಲಿಲ್ಲ. ಸುಗ್ಗಿಗೆ ಹೋದವರ ಜೊತೆ ಗುಂಟೂರು ಸೀಮೆಯಲ್ಲಿದ್ದುವು. ಒಯ್ದ ಮಕ್ಕಳ ಹೆಸರುಗಳನ್ನು ಎರಡು ಲಿಪಿಯಲ್ಲಿಯೂ ಬರೆದು ಹೊಸ ಅಧಿಕಾರಿಗಳ ಕೈಗೆ ಕೊಟ್ಟಿದ್ದೇವೆ. ಯುಗಾದಿಯ ಹೊತ್ತಿಗೆ ಅವರು ಮರಳುತ್ತಾರೆ. ತಡವಾದುದಕ್ಕೆ ದಂಡ ಕೇಳಬಾರದೆಂದು ಹೇಳಿದ್ದೇವೆ, ಪುಸ್ತಕವನ್ನು ತೆರೆಯುವಾಗ ಮುಖವನ್ನು ಸ್ವಲ್ಪ ದೂರವಿಟ್ಟುಕೊಳ್ಳಬೇಕೆಂದೂ ಹೇಳಿದ್ದೇವೆ.